ನೊಂಗ್ ಮೇಸ್ತ್ರಿ ಮೂಸಿದ ಬಣವೆ

ನೊಂಗ್ ಮೇಸ್ತ್ರಿ ನಡೆದು ಬರುವಾಗ ಮೊದಲು ಬರುತ್ತಿದ್ದುದು ಅವರ ಮೂಗು. ಅದರ ಹಿಂದೆ, ಅಂಟಿನ ಕಲೆಗಳು ಒಣಗಿ ಸೆಟೆದುಕೊಂಡಿದ್ದ ನೀಲಿ ಕೋಟು. ಕಟ್ಟಕಡೆಗೆ ಆ ಕುಳ್ಳ ಮನುಷ್ಯ. ದಕ್ಷಿಣ ಚೀನಾದ ನಮ್ಮ ಗುವಾಂಗ್ಶಿ ಸೀಮೆಯ ಸಕ್ಕರೆ ಗಿರಣಿಯ ಪಕ್ಕದ ಹಲಗೆ ಕಾರ್ಖಾನೆಯಲ್ಲಿ, ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಣವೆ ಒಟ್ಟಿ, ಒಳಗೆ ಉಳಿದ ಸಕ್ಕರೆಯೆಲ್ಲ ಹುಳಿತು ಕಳೆಯುವ ತನಕ ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಅದಕ್ಕೆ ಅಂಟು ಬೆರೆಸಿ ಒತ್ತಿದರೆ ಹಲಗೆ; ಅವಸರಪಟ್ಟರೆ ಅಂಟು ಹಿಡಿಯದು. ಕಾದದ್ದು ಸಾಕೇ ಎಂಬ ತೀರ್ಪು ಮೇಸ್ತ್ರಿಯದು. ಬಣವೆಯಲ್ಲಿ ಮುಖ ಹುದುಗಿಸಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಇನ್ನೂ ಹಣ್ಣಾಗಿಲ್ಲ" ಎಂದುಬಿಟ್ಟರೆ ವ್ಯವಸ್ಥಾಪಕರೂ ಎದುರಾಡುತ್ತಿರಲಿಲ್ಲ. ಕಾರ್ಖಾನೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನಗೆ ಆ ಗಾಂಭೀರ್ಯವನ್ನು ನೋಡುವುದೇ ಒಂದು ಸಂತೋಷ.

ಮಗಳು ಮೀಲುವಾನಳ ಮದುವೆಗೆ ಕೊಡುವ ಬೀರು ತಮ್ಮ ಹಲಗೆಯದೇ ಆಗಬೇಕೆಂದು ಹಟ ಹಿಡಿದ ಮೇಸ್ತ್ರಿ, ಬಣವೆಯನ್ನು ತಾವೇ ಮೂಸಿ ಆರಿಸಿದರು. ಹಲಗೆಯ ಒತ್ತುಯಂತ್ರ ನಡೆಸುವ ಹುಡುಗ ವೇಯ್ ಅನುಮಾನಿಸಿದ.

"ನೊಂಗಣ್ಣ, ಇದಿನ್ನೂ ಹುಳಿಹುಳಿ ನಾರ್ತಿದೆ."

"ನಿನ್ನೆ ಹುಟ್ಟಿದ ಮೂಗು ನಿಂದು. ಬಾಯ್ಮುಚ್ಕೊಂಡು ಕೆಲಸ ನೋಡೋ!"

ಮದುವೆಯಾಯಿತು. ವಸಂತ ಬಂದು ಗೋಡೆಗಳೇ ಬೆವರುವ ತೇವದ ದಿನಗಳಲ್ಲಿ ಮೇಸ್ತ್ರಿಯ ಜೊತೆ ನಾನೂ ಬೀಗರ ಮನೆಗೆ ಹೋಗಿದ್ದೆ. ಬೀರು ಊದಿಕೊಂಡು ಬಾಗಿಲು ಮುಚ್ಚುತ್ತಿರಲಿಲ್ಲ. "ತೇವಕ್ಕೆ ಒಂಚೂರು ಊದಿದೆ, ಅಷ್ಟೇ" ಎನ್ನುತ್ತ ಮೇಸ್ತ್ರಿ ಅದರೊಳಗೆ ಮುಖವಿಟ್ಟು ಉಸಿರೆಳೆದರು.

"ವಾಸನೆ ಹೇಗಿದೆ ಮಗಳೇ?"

"ಹೊಸ ಬೆಲ್ಲದ ಹಾಗಿದೆ ಅಪ್ಪ" ಎಂದಳು ಮೀಲುವಾನ್.

"ಬೆಲ್ಲವಂತೆ ಬೆಲ್ಲ!" ಬೀಗಿತ್ತಿ ಒಳಗಿಂದಲೇ ಸಿಡುಕಿದರು. "ಅದ್ರೊಳಗಿಟ್ಟ ಮದ್ವೆ ಕೌದಿಯೆಲ್ಲ ಹಳಸಿದ ಗಂಜಿ ನಾರ್ತಿದೆ. ನಿಮ್ಗೇನು ಮೂಗಿಲ್ವಾ ಬೀಗ್ರೇ?"

ಇರಲಿಲ್ಲ. ಬಿಸಿ ಅಂಟಿನ ಹಬೆ ಅದನ್ನು ಎಂದೋ ಕೊಂದಿತ್ತು. ಮೇಸ್ತ್ರಿ ಯಾರಿಗೂ ಹೇಳದೆ, ನೆನಪಿನ ಬಲದಿಂದಲೇ ಮೂಸುತ್ತ ಬಂದಿದ್ದರು. ಆಗ ಅವರ ಮುಖ ಬಿಳಿಚಿಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಬೀಳ್ಕೊಡಲು ಬೀದಿಯವರೆಗೆ ಬಂದ ಮಗಳು ಮೆಲ್ಲಗೆ ಹೇಳಿದಳು: "ನಂಗೊತ್ತಿತ್ತಪ್ಪ. ಸೀದ ಅನ್ನ ಬಡಿಸಿದ್ರೂ ಸುಮ್ನೆ ಉಣ್ತಿದ್ರಲ್ಲ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಹತ್ರ ಇನ್ನೇನು ಉಳೀತಿತ್ತು?"

ಮರುದಿನದಿಂದ ಬಣವೆಗಳತ್ತ ಮೇಸ್ತ್ರಿ ಸುಳಿಯಲೂ ಇಲ್ಲ.

ಒಂದೇ ಒಂದು ಬಲದ ಮೇಲೆ ಬಾಳು ಕಟ್ಟಿಕೊಂಡವರ ಪಾಡೇ ಹೀಗೆ. ಆ ಬಲ ಕಳೆದುದನ್ನು ಅವರು ಬಾಯಿಬಿಟ್ಟು ಹೇಳಲಾರರು, ಪ್ರೀತಿಸುವವರು ಕೇಳಲಾರರು. ಕೊನೆಗೆ ನಿಜ ಹೇಳುವ ಕೆಲಸ ಪ್ರೀತಿಯಿಲ್ಲದವರ ಪಾಲಿಗೆ ಬೀಳುತ್ತದೆ.