ಢಂ ಎಂದರೆ ಕಾಳು

ಕಿವಿ, ಆ ಉದ್ದ ಕಿವಿಗಳು ತಿರುಗಿದವು, ಎರಡೂ ಒಟ್ಟಿಗೆ, ಗುಡ್ಡದಾಚೆ ಬಂದೂಕಿನ ಅಭ್ಯಾಸದವರು ಢಂ ಎನಿಸಿದ್ದೇ ತಡ, ನಾನು ನನ್ನ ಹೆಣ್ಣು ಹೇಸರಗತ್ತೆಯ ಗೊರಸು ತೊಡೆಯ ಮೇಲಿಟ್ಟುಕೊಂಡು ಲಾಳ ನೋಡುತ್ತಿದ್ದೆ, ಕಾಲು ಕಿತ್ತುಕೊಂಡು ನಡೆದೇಬಿಟ್ಟಳು, ಸದ್ದು ಬಂದ ಕಡೆಗೇ, ಜೊಲ್ಲು ಸುರಿಸಿಕೊಂಡು — ಬೆದರಲಿಲ್ಲ, ಬೆದರಿದ್ದರೆ ಎಷ್ಟು ಚೆನ್ನಾಗಿತ್ತು, ಹೇಸರಗತ್ತೆಗಳಿಗೆ ಬಂದೂಕಿನ ಭಯ ಬಿಡಿಸಯ್ಯಾ ಎಂದರು ಸಾಹೇಬರು, ಬಿಡಿಸಿದೆ, ಆರು ತಿಂಗಳು, ಬಂದೂಕಿನವನ ಕಾಲ ಬಳಿಯೇ ಕಾಳಿನ ಬಕೆಟ್ ಇಟ್ಟು, ಢಂ ಎಂದರೆ ಕಾಳು, ಢಂ ಎಂದರೆ ಕಾಳು, ಭೇಷ್ ಎಂದು ಬೆನ್ನು ತಟ್ಟಿದರು, ನಾನೂ ಉಬ್ಬಿದೆ, ಬಕೆಟ್ಟನ್ನು ಅವುಗಳ ಹಿಂದೆ ಇಡಬೇಕಿತ್ತು, ಅಯ್ಯೋ, ಇಷ್ಟೂ ಹೊಳೆಯಲಿಲ್ಲವಲ್ಲ ಈ ಮಂಕುತಲೆಗೆ, ಅಲ್ಲಿ ಶತ್ರು ಕಾಳು ಇಟ್ಟುಕೊಂಡು ಕಾಯುತ್ತಿರುತ್ತಾನೆಯೇ.

ಇವಳನ್ನು ಹಿಡಿದು ಯುದ್ಧಕ್ಕೆ ಹೋಗುವವನು ನನ್ನ ತಮ್ಮ, ಇವತ್ತೇ, ಲಾರಿಗಳು ಗೇಟಿನಲ್ಲಿ ಗುರುಗುಟ್ಟುತ್ತಿವೆ, ನೀನಿದ್ದೀಯಲ್ಲ, ನೋಡ್ಕೋ ಎಂದಿದ್ದಳು ಅಮ್ಮ, ಇವನೋ ಹಲ್ಲು ಕಿರಿಯುತ್ತಾನೆ, ಇವಳಿಗೆ ಅತ್ತೆ ಎಂದು ಹೆಸರಿಟ್ಟವನೂ ಇವನೇ, ಏನಣ್ಣಾ, ಅತ್ತೆ ನನ್ನ ಬಿಟ್ಟು ತವರಿಗೆ ಹೊರಟಳಾ, ನಿಜ ಹೇಳಿದರೆ ಶತ್ರುವಿನ ಕಡೆಯವನೆಂದು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರೆ, ಸುಳ್ಳು ಹೇಳಲೇ, ಒಂದೇ ಒಂದು — ಗೊರಸಿಗೆ ಮೊಳೆ ಹೊಕ್ಕಿದೆ ಡಾಕ್ಟ್ರೇ, ಕುಂಟ್ತಾಳೆ, ಹೇಳಿಯೇಬಿಟ್ಟೆ, ಪಟ್ಟಿ ಬರೆಯುತ್ತಿದ್ದ ದನದ ಡಾಕ್ಟರು ತಲೆ ಎತ್ತಲೂ ಇಲ್ಲ, ಹಾಗಾದ್ರೆ ಪಕ್ಕದ್ದು ಕೊಡಪ್ಪಾ, ಎಲ್ಲಾ ನೀನೇ ಕಲಿಸಿದ್ದಲ್ವಾ, ಯಾವುದಾದ್ರೇನು. ಹೌದು, ಎಲ್ಲಾ ನಾನೇ, ಮೂವತ್ತೆಂಟನ್ನೂ, ಒಂದೇ ಬಕೆಟ್ಟಿನಲ್ಲಿ.

ತಮ್ಮ ಪಕ್ಕದ ಹೇಸರಗತ್ತೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಾನೆ, ಒಂದು ಸುತ್ತು, ಎರಡು, ಸುತ್ಕೋಬೇಡ್ವೋ, ಅದು ಎಳೆದ್ರೆ ಬಿಟ್ಬಿಡು, ಬಿಟ್ಟು ನೆಲಕ್ಕೆ ಬಿದ್ಕೊಂಡ್ಬಿಡು, ಕೇಳಿಸ್ತಾ — ಜೀವ ಹೋದ್ರೂ ಹಗ್ಗ ಬಿಡ್ಬೇಡ ಅಂತ ಬೆನ್ನಿಗೆ ಬಾರಿಸಿ ಕಲಿಸಿದ್ದು ನೀನೇ ಅಲ್ವೇನಣ್ಣಾ, ಈಗೇನು ಹೀಗಂತೀಯ, ನಗುತ್ತಾನೆ, ನಾನೇ, ಅವನಿಗೂ ನಾನೇ, ಎಷ್ಟು ಚೆನ್ನಾಗಿ ಕಲಿತಿದ್ದಾನೆ ನನ್ನ ತಮ್ಮ, ಮೂರನೆಯ ಸುತ್ತು, ಬಿಡೋ ಎಂದು ಅವನ ಮಣಿಕಟ್ಟಿಗೆ ಕೈ ಚಾಚಿದೆ, ಗುಡ್ಡದಾಚೆ ಮತ್ತೆ ಢಂ, ಸಾಲಿಗೆ ಸಾಲೇ ತಿರುಗಿತು, ಹಗ್ಗ ಬಿಗಿಯಾಯಿತು, ತಮ್ಮನ ಕೈ ಮುಂದಕ್ಕೆ ಹೋಯಿತು, ಕೈಯ ಹಿಂದೆ ತಮ್ಮ, ಅವನ ತಲೆಗಿಂತ ಮೇಲೆ ಹೇಸರಗತ್ತೆಯ ಕಿವಿ, ಆ ಉದ್ದ ಕಿವಿಗಳು, ಎರಡೂ ಒಟ್ಟಿಗೆ, ಸದ್ದಿನ ಕಡೆಗೆ.