ತವರಿನವರು ಕೇಳಿದ್ದು

ಎಡಗಾಲಿನ ಬೂಟು ಹೇಗೋ ಹಿಡಿಸಿತು. ಬಲಗಾಲಿನದು ಹಿಮ್ಮಡಿಯ ಹತ್ತಿರ ನಿಂತುಬಿಟ್ಟಿತು. ಅಪೆನಿಸಾ ಮಂಡಿಯೂರಿ ಇನ್ನೊಮ್ಮೆ ಒತ್ತಿ ನೋಡಿದ. ಹೆಂಡತಿಯ ಕಾಲು ಕೊನೆಯ ದಿನಗಳಲ್ಲಿ ಊದಿಕೊಂಡಿದ್ದು, ಸತ್ತ ಮೇಲೂ ಇಳಿದಿರಲಿಲ್ಲ.

"ಬಿಡಿ ಪಾಸ್ಟರ್," ಎಂದಳು ಮೊನಾಪೆ. ಚರ್ಚಿನ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಹೆಣದ ತಲೆಯ ಬಳಿ ಕೂತು ಅತ್ತೂ ಅತ್ತೂ ದನಿ ಕಟ್ಟಿಹೋಗಿತ್ತು. "ದಿನಾ ಬರಿಗಾಲಲ್ಲಿ ತೋಟಕ್ಕೆ ಹೋಗ್ತಿದ್ದೋಳಿಗೆ ಬೂಟು ಯಾಕೆ?"

"ಭಾನುವಾರ ಹಾಕ್ಕೋತಿದ್ಲು."

"ಚರ್ಚಿನ ಬಾಗಿಲ ತನಕ. ಒಳಗೆ ಬಂದ ಕೂಡ್ಲೇ ಬಿಚ್ಚಿ ಬೆಂಚಿನ ಕೆಳಗೆ ತಳ್ತಿದ್ಲು. ನೀವು ಕಣ್ಮುಚ್ಕೊಂಡು ಪ್ರಾರ್ಥನೆ ಮಾಡೋರು, ನಿಮಗೆಲ್ಲಿ ಕಾಣ್ಬೇಕು."

ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕರು. ನಗು ಅರ್ಧಕ್ಕೇ ಅಳುವಾಯಿತು. ಮಗಳು ವಿನಿಯಾನಾ ಬಂದು ತಾಯಿಯ ಎಡಗಾಲಿನ ಬೂಟನ್ನೂ ತೆಗೆದು, ಎರಡನ್ನೂ ಮಂಚದ ಕೆಳಗೆ ಸರಿಸಿದಳು. ಆಮೇಲೆ ನಾಲ್ಕು ಜನ ಸೇರಿ ಸಲಾನಿಯೆತಾಳನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಫಿಜಿಯಿಂದ ಅವಳೇ ತಂದಿದ್ದ ನಾರುಬಟ್ಟೆಯನ್ನು ಹೊದಿಸಿದರು.

ಮಿಷನ್ನಿನ ಮೇಲ್ವಿಚಾರಕ ಪ್ರಿಚರ್ಡ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದ. ಬೆಳಿಗ್ಗೆಯ ಪುಟ್ಟ ವಿಮಾನದಲ್ಲಿ ಬಂದಿದ್ದ ಆ ಆಸ್ಟ್ರೇಲಿಯಾದವನು ಒಳ್ಳೆಯ ಮನುಷ್ಯ, ಆದರೆ ಯಾವಾಗಲೂ ಮೋಡದ ಮೇಲೇ ಕಣ್ಣು.

"ಅಪೆನಿಸಾ, ಮಧ್ಯಾಹ್ನದೊಳಗೆ ಮುಗಿಸಿಬಿಡೋಣ. ಮೋಡ ಇಳಿದ್ರೆ ವಿಮಾನ ಏಳಲ್ಲ."

"ತವರಿನವರು ಇನ್ನೂ ಬಂದಿಲ್ಲ," ಎಂದಳು ಮೊನಾಪೆ.

"ಅವಳ ತವರು ಸಮುದ್ರದಾಚೆ ಇದೆಯಮ್ಮ. ಎಲ್ಲಿಂದ ಬರ್ತಾರೆ?"

"ಅದೊಂದು ತವರು. ಇನ್ನೊಂದು ಮೇಲಿನ ಗುಡ್ಡದಲ್ಲಿದೆ. ಅವರು ಬಂದು ಕೇಳಬೇಕು, ಗಂಡ ಹೇಳಬೇಕು. ಚೆನ್ನಾಗಿ ನೋಡ್ಕೊಂಡಿದ್ರೆ ಗಂಡನ ಮಣ್ಣಲ್ಲಿ ಹೂಳ್ತಾರೆ. ಅವನಿಂದಾನೇ ಸತ್ತಿದ್ರೆ ತವರಿನ ಮಣ್ಣಲ್ಲಿ. ಕೇಳದೆ ಮುಚ್ಚಿದ್ರೆ ನಮ್ಮಲ್ಲಿ ಅದನ್ನ ನಾಯಿ ಹೂತ ಹಾಗೆ ಅಂತಾರೆ."

ಪ್ರಿಚರ್ಡ್ ಅಪೆನಿಸಾನ ಮುಖ ನೋಡಿದ. ಅಪೆನಿಸಾ ಕಿಟಕಿಯಾಚೆ ನೋಡುತ್ತಿದ್ದ. ಚರ್ಚಿನ ಪಕ್ಕದಲ್ಲಿ ಗುಂಡಿ ತೋಡಿ ಮುಗಿದಿತ್ತು. ಅದರ ಬಲಗಡೆ ತನಗೂ ಜಾಗ ಉಳಿಯಲೆಂದು ಅವನೇ ನಿಂತು ಗೂಟ ಹೊಡೆಸಿದ್ದ. ಈ ಬೆಟ್ಟದ ಸೀಮೆಯಲ್ಲೇ ಸಾಯುವುದು, ಅವಳ ಪಕ್ಕದಲ್ಲೇ ಮಲಗುವುದು. ಇನ್ನು ಅವನಿಗೆ ಬೇಕಾಗಿದ್ದುದು ಅಷ್ಟೇ.

"ಕಾಯೋಣ," ಎಂದ.

*

ಮೇಲಿನ ಗುಡ್ಡದವರು ಸಲಾನಿಯೆತಾಳ ತವರಾದದ್ದು ಅವಳು ಪಪುವಾ ನ್ಯೂಗಿನಿಗೆ ಬಂದ ಮೊದಲ ವರ್ಷ. ಆಗ ಅವಳಿಗೆ ಈ ಕಣಿವೆಯಲ್ಲಿ ಯಾವುದೂ ಹಿಡಿಸಿರಲಿಲ್ಲ. ಚಳಿ ಹಿಡಿಸಲಿಲ್ಲ, ಡಬ್ಬಿಯ ಮೀನಂತೂ ಮೊದಲೇ ಇಲ್ಲ. "ಮೀನನ್ನ ತಗಡಲ್ಲಿ ಹೂತಿಟ್ಟು ಆಮೇಲೆ ತಿಂತಾರಲ್ಲ, ನಿಮ್ಮ ದೇವರು ಎಂಥಾ ಊರಿಗೆ ಕಳಿಸಿದಾನೆ ನೋಡಿ," ಎಂದು ಗಂಡನನ್ನು ರೇಗಿಸುತ್ತಿದ್ದಳು. ದೇವರು ಅವಳಿಗೂ ದೇವರೇ. ಆದರೆ ಸಿಟ್ಟು ಬಂದಾಗ ಮಾತ್ರ ಅವನನ್ನು ಗಂಡನ ಪಾಲಿಗೆ ಬಿಟ್ಟುಬಿಡುತ್ತಿದ್ದಳು.

ಆ ವರ್ಷ ಮೇಲಿನ ಗುಡ್ಡದ ತಿಪಾ ಎಂಬವನ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು. ಸಲಾನಿಯೆತಾ ಹೋಗಿ, ತನ್ನೂರಿನಲ್ಲಿ ಮಾಡುವಂತೆ ಹೆಣದ ಕೆನ್ನೆಗೆ ಮೂಗು ಒತ್ತಿ, ಪಕ್ಕದಲ್ಲೇ ಬಿದ್ದುಕೊಂಡು ಗೊಳೋ ಎಂದು ಅತ್ತಳು. ಅರ್ಧ ಅಳು ತನ್ನ ಸಮುದ್ರಕ್ಕಾಗಿಯೇ ಇತ್ತೆಂದು ಆಮೇಲೆ ಗಂಡನ ಹತ್ತಿರ ಒಪ್ಪಿಕೊಂಡಳು. ತಿಪಾನ ತಾಯಿಗೆ ಅದೆಲ್ಲ ಗೊತ್ತಿರಲಿಲ್ಲ. ಮುದುಕಿ ಇವಳ ಕೈ ಹಿಡಿದು ಕರೆದೊಯ್ದು, ಸತ್ತ ಮಗಳ ಗೆಣಸಿನ ಪಟ್ಟಿಯಲ್ಲಿ ನಿಲ್ಲಿಸಿ, "ಇದು ಹಾಳು ಬೀಳಬಾರ್ದು," ಎಂದಳು. ಇವಳು ಅಗೆಕೋಲು ಹಿಡಿದಳು. ಅಷ್ಟಕ್ಕೇ ಆ ಮನೆಯ ಮಗಳಾದಳು.

ಮರುವಾರ ತಿಪಾ ಅಪೆನಿಸಾನ ಅಂಗಳಕ್ಕೆ ಬಂದು ಹೆಣ್ಣಿನ ತೆರ ಕೇಳಿದ. ಮದುವೆಯಾಗಿ ಮಗುವೂ ಆಗಿದ್ದ ಹೆಂಡತಿಗೆ ಪಾಸ್ಟರು ತೆರ ಕೊಡುವುದನ್ನು ನೋಡಲು ಇಡೀ ಕಣಿವೆ ನೆರೆಯಿತು. ಅಪೆನಿಸಾ ತೆರದ ಹಂದಿಗಳನ್ನು ಎಳೆದುಕೊಂಡು ಹೋಗಿ ಕೆಸರಿನಲ್ಲಿ ಜಾರಿ ಬಿದ್ದ. ಸಲಾನಿಯೆತಾ ನಕ್ಕು ನಕ್ಕು ನೆಲಕ್ಕೆ ಕೂತುಬಿಟ್ಟಳು.

"ಇನ್ಮೇಲೆ ಹುಷಾರು," ಎಂದಿದ್ದಳು ಕಣ್ಣೊರೆಸಿಕೊಳ್ಳುತ್ತ. "ನನಗೂ ಕೇಳೋರಿದಾರೆ."

*

ತವರಿನವರು ಬಂದಾಗ ಪ್ರಿಚರ್ಡ್ ಪ್ರಸಂಗದ ನಡುವಿನಲ್ಲಿದ್ದ. ಕಾದು ಸಾಕಾಗಿ, ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿ ಅವನು ಆರಾಧನೆ ಶುರುಮಾಡಿದ್ದ.

"ಈ ತಾಯಿ ಸಾವಿನ ಬಾಗಿಲು ನೋಡಿ ಬಂದವಳು. ಫಿಜಿಯಲ್ಲಿ ಎದ್ದು ಓಡಾಡುವ ಶಕ್ತಿ ಬಂದ ದಿನವೇ, ನನ್ನ ಜನರ ಬಳಿಗೆ ಮರಳಬೇಕು ಎಂದು ಹಟ ಹಿಡಿದಳು. ಮನೆಯಿತ್ತು, ಮೀನಿತ್ತು, ಆಸ್ಪತ್ರೆಯಿತ್ತು. ಎಲ್ಲವನ್ನೂ ಬಿಟ್ಟು ನಿಮಗಾಗಿ ಬಂದಳು."

ಜನ ತಲೆದೂಗಿದರು. ಅಪೆನಿಸಾನೂ ಮಿಷನ್ನಿನವರ ಮುಂದೆ ಈ ಕತೆಯನ್ನು ಬೇಡವೆಂದವನಲ್ಲ. ಕೇಳಿಸಿಕೊಂಡೂ ಕೇಳಿಸಿಕೊಂಡೂ ಒಮ್ಮೊಮ್ಮೆ ಅವನಿಗೇ ನಿಜವೆನಿಸುತ್ತಿತ್ತು. ಇವತ್ತು ಎನಿಸಲಿಲ್ಲ.

ಸಾವಿನ ದುಃಖಕ್ಕೆ ಮೈಗೆಲ್ಲ ಬೂದು ಕೆಸರು ಬಳಿದುಕೊಂಡ ಗಂಡಸರು ಇಳಿಜಾರಿನಿಂದ ಸಾಲಾಗಿ ಬಂದು, ಪೆಟ್ಟಿಗೆಯ ಒಂದು ಬದಿಗೆ ಕೂತರು. ಹಿಂದೆ ಇಬ್ಬರು ತಿಪಾನ ಮುದಿ ತಾಯಿಯನ್ನು ಹಿಡಿದು ತಂದು ಕೂರಿಸಿದರು. ತಿಪಾ ಮಾತ್ರ ನಿಂತೇ ಇದ್ದ. ಅವನಿಗೂ ತಲೆ ನರೆತಿತ್ತು.

"ಭಾವ," ಎಂದ. "ನಮ್ಮ ತಂಗಿ ಹ್ಯಾಗೆ ಸತ್ಲು?"

"ಗುಂಡಿಗೆ ನಿಂತುಹೋಯ್ತಪ್ಪ, ದೇವರ ಚಿತ್ತ," ಎಂದ ಪ್ರಿಚರ್ಡ್, ಮೆತ್ತಗೆ.

"ನಿಮ್ಮನ್ನ ಕೇಳ್ಲಿಲ್ಲ ದೊಡ್ಡ ಪಾಸ್ಟರ್. ನೀವೇನು ಅವಳಿಗೆ ತೆರ ಕೊಟ್ಟಿದ್ರಾ?" ತಿಪಾ ಮತ್ತೆ ಅಪೆನಿಸಾನ ಕಡೆ ತಿರುಗಿದ. "ಹೋಗುವಾಗ ಹೊತ್ಕೊಂಡು ಹೋಗಿದ್ರಿ. ನಾವು ಬದುಕಲ್ಲ ಅಂದ್ಕೊಂಡು ಅತ್ತುಬಿಟ್ಟಿದ್ವಿ. ಅಲ್ಲಿ ನೆಟ್ಟಗಾದ್ಲು. ನೆಟ್ಟಗಾದೋಳು ಇಲ್ಲಿ ಬಂದು ಸತ್ಲು. ಅದಕ್ಕೆ ಕೇಳ್ತಿದೀನಿ. ಅವಳಾಗಿ ಬಂದ್ಲಾ, ನೀವು ಕರ್ಕೊಂಡು ಬಂದ್ರಾ?"

*

ಆಗ ಫಿಜಿಯ ಸುವಾ ಪಟ್ಟಣದ ಬಾಡಿಗೆ ಮನೆಯ ಹಿಂದೆ ಕೂತು ಸಲಾನಿಯೆತಾ ಮೀನು ಹಸನು ಮಾಡುತ್ತಿದ್ದಳು. ಆಸ್ಪತ್ರೆಯಿಂದ ಬಂದು ಬಹಳ ದಿನಗಳಾಗಿ, ಮುಖದಲ್ಲಿ ರಕ್ತ ತುಂಬಿತ್ತು.

"ಡಾಕ್ಟರು ಹೇಳಿದ್ದು ಕೇಳಿಸ್ತಲ್ಲ ವಿನಿಯಾನಾ ಅಪ್ಪ. ಎತ್ತರದ ಜಾಗ ಆಗಲ್ಲ ನನಗೆ. ಸಮುದ್ರದ ಪಕ್ಕ ಯಾವುದಾದ್ರೂ ಸಣ್ಣ ಚರ್ಚು ಕೇಳಿ. ನಾನು ಮೀನು ಹಿಡೀತೀನಿ, ನೀವು ಮನುಷ್ಯರನ್ನ ಹಿಡೀರಿ."

ಅವನು ಕೇಳಲಿಲ್ಲ. ಫಿಜಿಯಲ್ಲಿ ಅವನು ನೂರು ಪಾಸ್ಟರುಗಳಲ್ಲಿ ಒಬ್ಬ, ಅದೂ ಹಿಂದಿನ ಸಾಲಿನವನು. ಹಳ್ಳಿಯ ಸಭೆಯಲ್ಲಿ ಬಾಗಿಲ ಹತ್ತಿರ ಕೂತರೆ ಮುಂದೆ ಬಾ ಎನ್ನುವವರಿರಲಿಲ್ಲ. ಕಣಿವೆಯಲ್ಲಿ ಅವನು ನಡೆದುಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಹಾಗೆ ಎದ್ದು ನಿಲ್ಲುವವರು ಬೇಕಾಗಿದ್ದರು ಅವನಿಗೆ. ಅದನ್ನೇ ದೇವರ ಕರೆ ಎಂದುಕೊಂಡ.

ಚರ್ಚಿನ ದೊಡ್ಡ ಸಭೆಯಲ್ಲಿ ಅಧ್ಯಕ್ಷರು ಅವಳನ್ನೇ ನೋಡಿ ಕೇಳಿದರು: "ಸಲಾನಿಯೆತಾ, ನಿನಗೆ ಮನಸ್ಸಿದೆಯೇನಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ಅಪೆನಿಸಾ ಎದ್ದು ನಿಂತ. "ನಮ್ಮಿಬ್ಬರಿಗೂ ಮನಸ್ಸಿದೆ. ಡಾಕ್ಟರೂ ಒಪ್ಪಿದಾರೆ."

ಸಭೆ ಹಾಡಲು ಶುರುಮಾಡಿತು. ಅಷ್ಟು ಜನರ ಮುಂದೆ ಗಂಡನನ್ನು ಸುಳ್ಳನನ್ನಾಗಿ ಮಾಡುವವಳಲ್ಲ ಅವಳು. ಚಾಪೆ ನೋಡುತ್ತಲೇ ತಲೆಯಾಡಿಸಿದಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದಳು: "ನನ್ನ ಬಾಯಿ ನಿಮ್ಮ ಹತ್ರ ಇದೆ ಅಂತ ನನಗೆ ಗೊತ್ತಿರ್ಲಿಲ್ಲ."

ಜಗಳವಾಡಲಿಲ್ಲ, ಅಳಲಿಲ್ಲ. ಕಣಿವೆಗೆ ಬಂದು ಹಳೆಯ ಪಟ್ಟಿಯಲ್ಲಿ ಗೆಣಸು ನೆಟ್ಟಳು, ರೋಗಿಗಳಿಗೆ ಗಂಜಿ ಕಾಯಿಸಿದಳು. ಆದರೆ ಆ ದಿನದಿಂದ ಗಂಡನನ್ನು ರೇಗಿಸುವುದನ್ನು ಬಿಟ್ಟಳು. ಮನೆಯಲ್ಲಿ ಎಲ್ಲವೂ ಮರ್ಯಾದೆಯಿಂದ ನಡೆಯತೊಡಗಿತು, ಅದನ್ನು ಅವನು ತಾಳಲಾರದವನಾದ.

*

"ಹೇಳಿಬಿಡು," ಎಂದು ಪ್ರಿಚರ್ಡ್ ಪಿಸುಗುಟ್ಟಿದ. "ಅವಳಾಗಿಯೇ ಬಂದಳು ಅಂತ. ನಿಜ ತಾನೇ?"

ಒಂದು ಮಾತು ಸಾಕಿತ್ತು. ಗೂಟ ಹೊಡೆಸಿದ ಜಾಗ ಅಲ್ಲೇ, ಕಣ್ಣ ಮುಂದೆಯೇ ಇತ್ತು. ಅಪೆನಿಸಾ ಮಗಳ ಕಡೆ ನೋಡಿದ. ಅವಳು ಆ ದಿನ ಸಭೆಯಲ್ಲಿ ತಾಯಿಯ ಪಕ್ಕದಲ್ಲೇ ಕೂತಿದ್ದವಳು. ಈಗ ಅವಳು ಅಪ್ಪನನ್ನು ನೋಡಲಿಲ್ಲ, ತಾನು ಕೂತಿದ್ದ ಚಾಪೆಯ ಅಂಚನ್ನು ನೋಡುತ್ತಿದ್ದಳು.

"ನಾನು ಕರ್ಕೊಂಡು ಬಂದೆ," ಎಂದ. "ಅವಳು ಬೇಡ ಅಂದಿದ್ಲು. ಡಾಕ್ಟರೂ ಬೇಡ ಅಂದಿದ್ರು. ನಾನು ಅವಳ ಪರವಾಗಿ ಹ್ಞೂಂ ಅಂದೆ."

ಪ್ರಿಚರ್ಡ್ ಕೈಯಲ್ಲಿದ್ದ ಬೈಬಲ್ಲನ್ನು ಮುಚ್ಚಿದ. ಮುದುಕಿ, "ಅಯ್ಯೋ ನನ್ನ ಮಗಳೇ, ಬಾಯಿದ್ದ ಮಗಳೇ," ಎಂದು ಅಳಲು ಶುರುಮಾಡಿದಳು.

ತಿಪಾನ ಕೆನ್ನೆಯ ಕೆಸರಿನ ಮೇಲೆ ನೀರಿಳಿಯುತ್ತಿತ್ತು.

"ಸುಳ್ಳು ಹೇಳಿದ್ರೆ ಹೊಡೀತಿದ್ದೆ ಭಾವ," ಎಂದ. "ಈಗ ಹೊಡೆಯೋಕೂ ಆಗಲ್ಲ." ತಮ್ಮವರ ಕಡೆ ತಿರುಗಿ, "ಎತ್ತಿ," ಎಂದ.

ಪೆಟ್ಟಿಗೆ ಅಂಗಳ ದಾಟಿ, ತೋಡಿದ ಗುಂಡಿಯ ಪಕ್ಕದಲ್ಲೇ ಹಾದು ಇಳಿಜಾರು ಹತ್ತಿತು. ಮಗಳು ಮುದುಕಿಯ ಕೈ ಹಿಡಿದು ಮುಂದೆ ನಡೆದಳು. ಚರ್ಚಿನವರು ಅವರ ಹಿಂದೆ. ಎಲ್ಲರಿಗಿಂತ ಕೊನೆಯಲ್ಲಿ ಅಪೆನಿಸಾ ಹೋದ. ಬಾ ಎಂದೂ ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮೇಲಿನ ಗುಡ್ಡದ ತೋಟಕ್ಕೆ ಆಳೆತ್ತರದ ಗೂಟಗಳ ಬೇಲಿ. ಎಲ್ಲರೂ ಒಳಗೆ ಹೋದರು. ಅವನು ಬೇಲಿಯ ಕಂಡಿಯಲ್ಲಿದ್ದ ತಡೆಗೋಲಿನ ಮೇಲೆ ಕಾಲಿಡುವಾಗ ಮೊನಾಪೆ ಅಡ್ಡ ನಿಂತಳು. "ನೀವು ಇಲ್ಲೇ ಇರಿ ಪಾಸ್ಟರ್," ಎಂದಳು, ಮಗುವಿಗೆ ಹೇಳುವಷ್ಟು ಮೆಲ್ಲಗೆ. "ತಪ್ಪು ಒಪ್ಪಿದ ಗಂಡ ಇವತ್ತು ಒಳಗೆ ಬರೋ ಹಾಗಿಲ್ಲ."

ಅವನು ಹೊರಗೇ ನಿಂತ. ಹನಿ ಶುರುವಾಯಿತು. ಮೊದಲು ನೆಲ ಅಗೆಯುವ ಸದ್ದು, ಬಹಳ ಹೊತ್ತು. ಆಮೇಲೆ ಅಳು. ಆಮೇಲೆ ಹಲಗೆಯ ಮೇಲೆ ಮಣ್ಣು ಬೀಳುವ ಸದ್ದು. ಬರಬರುತ್ತ ಅದು ಮಣ್ಣಿನ ಮೇಲೆ ಮಣ್ಣು ಬೀಳುವ ಸದ್ದಾಯಿತು. ಅವಳ ತಲೆ ಯಾವ ಕಡೆಗಿದೆ ಎಂದು ಅವನಿಗೆ ಕಾಣಲಿಲ್ಲ. ಕಣಿವೆಯ ಕೆಳಗೆ ಪ್ರಿಚರ್ಡ್‌ನ ವಿಮಾನ ಎದ್ದು ಮೋಡದೊಳಗೆ ಹೋಯಿತು.

ಒಳಗೆ ಹೊಗೆ ಎದ್ದಿತು, ಊಟದ ಮಾತು ಕೇಳಿಸಿತು. ಬೇಲಿಯ ಗೂಟಗಳ ಸಂದಿನಿಂದ ಒಂದು ಕೈ ಹೊರಬಂತು. ಅದರಲ್ಲಿ ಸುಟ್ಟ ಗೆಣಸು ಇತ್ತು, ಬೂದಿಯೂ ಕೊಡವಿರಲಿಲ್ಲ. ಕೈಗೆ ಮೊಣಕೈ ತನಕ ಬೂದು ಕೆಸರು ಮೆತ್ತಿದ್ದರಿಂದ ಅದು ಮಗಳದೋ, ತಿಪಾನದೋ, ಇನ್ಯಾರದೋ ತಿಳಿಯಲಿಲ್ಲ. ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವನು ಗೆಣಸು ತೆಗೆದುಕೊಂಡ. ಕೈ ಕೂಡಲೇ ಹಿಂದಕ್ಕೆ ಹೋಗಲಿಲ್ಲ. ಖಾಲಿ ಅಂಗೈ ಮೇಲಾಗಿ, ಮಳೆಗೆ ನೆನೆಯುತ್ತ, ಸಂದಿನಲ್ಲೇ ಒಂದಿಷ್ಟು ಹೊತ್ತು ಇತ್ತು. ಆಮೇಲೆ ಒಳಗಿನಿಂದ ಯಾರೋ ಕರೆದರು, ಹೋಯಿತು.

ಅಪೆನಿಸಾ ಬೇಲಿಗೆ ಮುಖ ಮಾಡಿ ನಿಂತು, ಬಿಸಿ ಗೆಣಸನ್ನು ಸಿಪ್ಪೆ ಬೂದಿ ಸಮೇತ ತಿಂದ.