ನಲವತ್ತಮೂರನೆಯ ತಪ್ಪು

‘ಗಾಳಿಗಿತ್ತಿ’ ಸಿನಿಮಾದಲ್ಲಿ ಒಟ್ಟು ನಲವತ್ತಮೂರು ತಪ್ಪುಗಳಿವೆ ಎಂದು ‘ತಿಗಣೆ’ ಎಂಬ ಹೆಸರಿನವರು ಯಾರೋ ಬರೆದದ್ದನ್ನು ಓದಿದ ದಿನ ಆಕೆ ಒಬ್ಬ ನಿವೃತ್ತ ಮೇಷ್ಟರ ಹಲ್ಲಿನ ಸೆಟ್ಟನ್ನು ಹಾಳುಮಾಡಿದಳು. ಮೇಣದ ಮೇಲೆ ಮುಂದಿನ ಎರಡು ಹಲ್ಲು ಕೂರಿಸುತ್ತಿದ್ದವಳು ಪಕ್ಕದಲ್ಲಿದ್ದ ಫೋನಿನತ್ತ ಕಣ್ಣು ಹಾಯಿಸಿದ್ದಳು, ಅಷ್ಟೆ. ಬಿಸಿ ಚಾಕು ಜಾರಿ ಮೇಣ ಕರಗಿತು; ಹಲ್ಲು ಕುಡಿದವನ ಹಾಗೆ ಪಕ್ಕಕ್ಕೆ ವಾಲಿತು.

ಹಲ್ಲಿನ ಲ್ಯಾಬಿನಲ್ಲಿ ಆಕೆಗೆ ಅದು ಎಂಟನೆಯ ವರ್ಷ. ದಂತವೈದ್ಯರು ಕಳಿಸುವ ಪ್ಲಾಸ್ಟರ್ ಅಚ್ಚುಗಳನ್ನಿಟ್ಟುಕೊಂಡು, ಎಂದೂ ಕಾಣದ ಜನರ ಬಾಯಿಗೆ ಹಲ್ಲು ಮಾಡುವ ಕೆಲಸ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಆ ಮನುಷ್ಯ ನೆಮ್ಮದಿಯಾಗಿ ಅಗಿಯಲಾರ. ಅಂಥ ಕೈ ತಪ್ಪಿತ್ತು.

ಕಾರಣವಿತ್ತು. ಒಂಬತ್ತು ವರ್ಷದವಳಿದ್ದಾಗ ಚಿಕ್ಕಮ್ಮನ ಜೊತೆ, ಮನೆಯಲ್ಲಿ ಹೇಳದೆ, ಕದ್ದು ನೋಡಿದ ಸಿನಿಮಾ ಅದು. ಗಡಿಯಾರ ರಿಪೇರಿ ಮಾಡುವವನೊಬ್ಬನ ಮಗಳು. ಹಗಲು ಅಪ್ಪನ ಅಂಗಡಿಯಲ್ಲಿ ಕೂತು ಮುಳ್ಳು ತಿರುಗಿಸುತ್ತಾಳೆ. ಊರಿಗೆ ಆಪತ್ತು ಬಂದಾಗ ಗುರುತು ಸಿಗದ ಹಾಗೆ ಕಣ್ಣಿಗೆ ತೂತು ಬಿಟ್ಟ ನೀಲಿ ಪಟ್ಟಿ ಕಟ್ಟಿಕೊಂಡು ಗಾಳಿಯಲ್ಲಿ ಹಾರುತ್ತಾಳೆ. ಇಪ್ಪತ್ತು ವರ್ಷದಲ್ಲಿ ಆಕೆ ಅದನ್ನು ಹನ್ನೊಂದು ಸಲ ನೋಡಿದ್ದಳು. ಮಾತುಗಳೆಲ್ಲ ಬಾಯಿಪಾಠ. ಆ ಸಿನಿಮಾದ ಅಭಿಮಾನಿಗಳೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅಲ್ಲಿ ಯಾರೂ ಸ್ವಂತ ಹೆಸರು ಬಳಸುತ್ತಿರಲಿಲ್ಲ. ಫ್ಯಾನ್ ಅಂದರೆ ಬೀಸಣಿಗೆ ತಾನೇ ಎಂದು ಆಕೆ ‘ಬೀಸಣಿಗೆ’ ಎಂದು ಇಟ್ಟುಕೊಂಡಿದ್ದಳು. ಈಗ ಆ ಗುಂಪಿಗೇ ತಿಗಣೆ ನುಗ್ಗಿತ್ತು.

“ಮೊದಲನೆಯ ತಪ್ಪು,” ತಿಗಣೆ ಬರೆದಿತ್ತು. “ಗೋಪುರದ ಗಡಿಯಾರ ನಾಲ್ಕು ಹತ್ತು ತೋರಿಸುತ್ತದೆ. ನಾಯಕಿ ತಲೆಯೆತ್ತಿ ನೋಡುವಷ್ಟರಲ್ಲಿ ಮೂರು ಐವತ್ತು. ಕಾಲ ಹಿಂದಕ್ಕೆ ಹೋಯಿತೇ?”

ಆಕೆ ಊಟದ ಡಬ್ಬಿ ಪಕ್ಕಕ್ಕಿಟ್ಟು ಉತ್ತರ ಬರೆದಳು: “ಕೆಟ್ಟ ಗಡಿಯಾರ ಸ್ವಾಮಿ ಅದು! ರಿಪೇರಿಗೆ ಅಂತ ತಾನೇ ಅವಳಪ್ಪ ಗೋಪುರ ಹತ್ತಿದ್ದು?”

ಗುಂಪಿನವರು ಶಿಳ್ಳೆ ಹೊಡೆದರು. ತಿಗಣೆ ಬಿಡಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸಮುದ್ರ ದಾಟುವವಳು ಬೆಳಗ್ಗೆ ಬಸ್ಸಿನ ಹಿಂದೆ ಏದುಸಿರು ಬಿಡುತ್ತಾ ಓಡುವುದೇಕೆ? ಜನ ನೋಡುತ್ತಾರಲ್ಲ, ಗುಟ್ಟು ರಟ್ಟಾಗುತ್ತದಲ್ಲ ಎಂದಳು ಆಕೆ. “ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ,” ಎಂದಿತು ತಿಗಣೆ. ಇಪ್ಪತ್ತಾರನೆಯ ತಪ್ಪು ಇನ್ನೂ ಕಷ್ಟದ್ದು. ಖಳನಾಯಕ ಅಣೆಕಟ್ಟು ಒಡೆದು ಊರು ಮುಳುಗಿಸಲು ಹೊರಡುತ್ತಾನೆ; ಆದರೆ ಅವನ ಸ್ವಂತ ಬಂಗಲೆ ಇರುವುದೂ ಅದೇ ತಗ್ಗಿನಲ್ಲಿ. ಮೂರು ದಿನ ತಲೆ ಕೆರೆದುಕೊಂಡು ಕೊನೆಗೆ ಬರೆದಳು: “ಕೋಪ ಬಂದೋನಿಗೆ ಸ್ವಂತ ಮನೆ ಕಾಣಲ್ಲ.”

“ಇದು ಉತ್ತರವಲ್ಲ, ಸಮಾಧಾನ.”

ಓದಿ ಆಕೆಗೆ ಮೈಯೆಲ್ಲ ಉರಿಯಿತು. ಆದರೆ ಮಾರನೆಯ ದಿನ ತಿಗಣೆ ಏನೂ ಬರೆಯದಿದ್ದಾಗ ಮಧ್ಯಾಹ್ನವಿಡೀ ಫೋನ್ ತೆಗೆದು ತೆಗೆದು ನೋಡಿದಳು.

ಮನೆಯಲ್ಲಿ ಇದನ್ನೆಲ್ಲ ಹೇಳುವ ಹಾಗಿರಲಿಲ್ಲ. ಅಪ್ಪನ ಬಾಯಲ್ಲಿ ಸಿನಿಮಾ ಅಂದರೆ ಕೆಲಸವಿಲ್ಲದವರ ಕೆಲಸ. ಮೂವತ್ತು ವರ್ಷದಿಂದ ಮುದ್ರಣಾಲಯದಲ್ಲಿ ಕರಡು ತಿದ್ದುವ ಆ ಮನುಷ್ಯ ಅಮ್ಮ ಬರೆದ ಸಾಮಾನು ಚೀಟಿಯನ್ನೂ ಬಿಡದೆ ಕೆಂಪು ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ಮಗಳೊಂದಿಗೆ ದಿನಕ್ಕೆ ಮೂರೇ ಮಾತು: ಊಟ ಆಯ್ತಾ, ಲೈಟ್ ಆರಿಸು, ಬಾಗಿಲು ಹಾಕ್ಕೋ. ಜಗಳವೇನಿಲ್ಲ. ಮಾತು ಯಾವಾಗ ಅಷ್ಟಕ್ಕೆ ನಿಂತಿತೋ ಇಬ್ಬರಿಗೂ ನೆನಪಿರಲಿಲ್ಲ.

ಐದಾರು ತಿಂಗಳು ಕಳೆದ ಮೇಲೆ ನಲವತ್ತಮೂರನೆಯ ತಪ್ಪು ಬಂತು.

ಕುಸಿಯುತ್ತಿರುವ ಗೋಪುರದಿಂದ ಗಾಳಿಗಿತ್ತಿ ಅಪ್ಪನನ್ನು ಎತ್ತಿಕೊಂಡು ಬಂದು ನೆಲಕ್ಕಿಳಿಸುವ ದೃಶ್ಯ. ಅಪ್ಪ ಎರಡೇ ಅಡಿ ದೂರದಲ್ಲಿ ನಿಂತು ಅವಳ ಮುಖ ನೋಡಿ, ಕೈಮುಗಿದು ಕೇಳುತ್ತಾನೆ: “ನೀನು ಯಾರಮ್ಮಾ ತಾಯಿ?” ಥಿಯೇಟರಿನಲ್ಲಿ ಜನ ಗೊಳೋ ಎಂದು ಅಳುವುದು ಇಲ್ಲೇ.

ತಿಗಣೆ ಬರೆದಿತ್ತು: “ಸಿನಿಮಾದ ಅತಿ ದೊಡ್ಡ ತಪ್ಪು ಇದು. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಗುರುತಿಸುವ ಮನುಷ್ಯನಿಗೆ ನಾಲ್ಕು ಬೆರಳಗಲದ ಬಟ್ಟೆ ಅಡ್ಡ ಬಂದರೆ ಮಗಳು ಕಾಣುವುದಿಲ್ಲವೇ? ಮುಖವಾದರೂ ಯಾಕೆ ಬೇಕು? ಮೆಟ್ಟಿಲು ಹತ್ತುವ ಸದ್ದು ಸಾಕು. ಕೆಮ್ಮು ಸಾಕು.”

ಆಕೆಗೆ ಏನನ್ನಿಸಿತೋ, ತಮಾಷೆ ಬಿಟ್ಟು ಬರೆದಳು: “ಇದು ತಪ್ಪಲ್ಲ. ಇಡೀ ಸಿನಿಮಾದಲ್ಲಿ ನಿಜವಾಗಿರೋದು ಇದೊಂದೇ. ಅಪ್ಪಂದಿರು ಮಗಳ ಮುಖಾನ ಸರಿಯಾಗಿ ನೋಡಿರಲ್ಲ. ನಿಮಗೆ ಮಗಳಿದ್ದಾಳಾ?”

“ಇದ್ದಾಳೆ. ಅದಕ್ಕೇ ಹೇಳುತ್ತಿದ್ದೇನೆ.”

“ಹಾಗಾದ್ರೆ ಹೇಳಿ. ಈ ವಾರ ಅವಳ ಕೆಲಸದ ಕಡೆ ಏನಾಯ್ತು?”

ಎರಡು ದಿನ ತಿಗಣೆಯ ಸದ್ದಿಲ್ಲ. ಮೂರನೆಯ ದಿನ ಒಂದೇ ಸಾಲು: “ಅದು ಬೇರೆ ವಿಷಯ. ಸಿನಿಮಾಕ್ಕೆ ಬನ್ನಿ.”

ಗೆದ್ದೆ ಎಂದು ಆಕೆ ಕುಣಿಯಬೇಕಿತ್ತು. ಆದರೆ ಪ್ಲಾಸ್ಟರ್ ಕಲಸುತ್ತಾ ಆಕೆ ಯೋಚಿಸಿದ್ದು ಆ ತಿಗಣೆಯ ಮಗಳ ಬಗ್ಗೆ. ಮೆಟ್ಟಿಲ ಸದ್ದಿನಲ್ಲೇ ಗುರುತು ಹಿಡಿಯುವ ಅಪ್ಪ. ಆ ಹುಡುಗಿ ಯಾರೋ ಏನೋ, ಅವಳ ಮೇಲೆ ಸಣ್ಣದೊಂದು ಹೊಟ್ಟೆಕಿಚ್ಚಾಯಿತು.

ಸಿನಿಮಾಕ್ಕೆ ಇಪ್ಪತ್ತು ತುಂಬಿದ ನೆಪದಲ್ಲಿ ಹಳೆಯ ಥಿಯೇಟರೊಂದರಲ್ಲಿ ಅದನ್ನು ಮತ್ತೆ ಹಾಕಿದರು. ಗುಂಪು ನಡೆಸುತ್ತಿದ್ದವರು ಅದೇ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದ ಹಿರಿಯರು. ಗುಂಪಿನಲ್ಲಿ ಅವರ ಹೆಸರು ‘ರೀಲು’. ಭಾನುವಾರ ಹನ್ನೊಂದಕ್ಕೆ ಎಲ್ಲರೂ ಬಾಲ್ಕನಿಯ ಹೊರಗಿನ ಹಜಾರದಲ್ಲಿ ಸೇರೋಣ, ಎದೆಗೆ ಅಡ್ಡಹೆಸರಿನ ಚೀಟಿ ಸಿಕ್ಕಿಸಿಕೊಳ್ಳೋಣ, ಆಮೇಲೆ ಮ್ಯಾಟಿನಿ ನೋಡೋಣ ಎಂದು ಅವರು ಕರೆದರು. ಲ್ಯಾಬಿನಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಅಮ್ಮನಿಗೆ ಸುಳ್ಳು ಹೇಳಿ ಆಕೆ ಹೊರಟಳು. ಅಮ್ಮ ಡಬ್ಬಿ ಕಟ್ಟಿಕೊಟ್ಟರು. ಅಪ್ಪ ಆಗಲೇ ಮುದ್ರಣಾಲಯಕ್ಕೆ ಹೋಗಿದ್ದರು, ಅವರಿಗೂ ಅರ್ಜೆಂಟಂತೆ.

ಹಜಾರದಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಆಕೆ ‘ಬೀಸಣಿಗೆ’ ಚೀಟಿ ಸಿಕ್ಕಿಸಿಕೊಂಡು ತಿಗಣೆಯನ್ನು ಹುಡುಕಿದಳು. ಕಾಲೇಜಿನಲ್ಲಿ ಪಾಠ ಹೇಳುವ, ಗಡ್ಡ ಬಿಟ್ಟ, ಸೊಕ್ಕಿನ ಮನುಷ್ಯ ಇರಬೇಕು ಎಂದುಕೊಂಡಿದ್ದಳು. ಕಿಟಕಿಯ ಬಳಿ ಬೆನ್ನು ಮಾಡಿ ನಿಂತವರೊಬ್ಬರು ಹಳೆಯ ಪೋಸ್ಟರನ್ನು ಮೂಗು ತಾಗಿಸುವಷ್ಟು ಹತ್ತಿರದಿಂದ ಓದುತ್ತಿದ್ದರು. ಕೈಯಲ್ಲಿ ಡಬ್ಬಿಯ ಚೀಲ. ಅವರು ತಿರುಗಿದರು.

ಅಪ್ಪ.

ಹಿಂಬಾಲಿಸಿಕೊಂಡು ಬಂದು ಹಿಡಿದುಬಿಟ್ಟರು ಎಂದೇ ಆಕೆಗೆ ಮೊದಲು ಅನ್ನಿಸಿದ್ದು. “ಅಪ್ಪಾ, ಅಮ್ಮಂಗೆ ಹೇಳ್ಬೇಡಿ,” ಎಂದು ಬಾಯಿಂದ ತಾನಾಗಿ ಬಂತು. ಒಂಬತ್ತು ವರ್ಷದ ಹುಡುಗಿಯ ದನಿ ಅದು.

ಅಪ್ಪ ಸರ್ರನೆ ಅಂಗೈಯಿಂದ ಎದೆ ಮುಚ್ಚಿಕೊಂಡರು. ಆದರೂ ಬೆರಳುಗಳ ನಡುವೆ ‘ತಿ’ಯೂ ‘ಣೆ’ಯೂ ಕಾಣುತ್ತಿದ್ದವು. ಅವರ ಕಣ್ಣು ಮಗಳ ಚೀಟಿಯ ಮೇಲೆ ನಿಂತಿತ್ತು. ಕರಡು ಓದುವಾಗ ಓದುವ ಹಾಗೆ ಒಂದೊಂದೇ ಅಕ್ಷರ ಓದಿದರು. ಬೀ. ಸ. ಣಿ. ಗೆ. ಮತ್ತೆ ಮೊದಲಿನಿಂದ ಓದಿದರು.

ಹಿಂದಿನಿಂದ ರೀಲು ಚಪ್ಪಾಳೆ ತಟ್ಟುತ್ತಾ ಬಂದರು. “ಬಂದ್ರಾ ಇಬ್ರೂ! ನೋಡ್ರಪ್ಪಾ, ತಿಗಣೆ ಬೀಸಣಿಗೆ ಎದುರಾಬದುರಾ! ಏನ್ ಹಂಗೆ ದೆವ್ವ ನೋಡ್ದೋರ ಥರ ನಿಂತಿದ್ದೀರಾ? ಎಂಟು ತಿಂಗಳು ನಮಗೆ ಪುಕ್ಕಟೆ ಮನರಂಜನೆ ಕೊಟ್ಟೋರು ನೀವು. ಬನ್ನಿ, ಇವತ್ತು ನಲವತ್ತಮೂರನೇದು ಎಲ್ಲರ ಮುಂದೆ ತೀರ್ಮಾನ ಆಗ್ಲಿ.”

ಜನ ಸುತ್ತುವರಿದರು. ಇವರು ನನ್ನ ಅಪ್ಪ ಎಂದು ಆಕೆ ಯಾರಿಗೂ ಹೇಳಲಿಲ್ಲ. ಅಪ್ಪ ಎದೆಯ ಮೇಲಿನ ಕೈ ಇಳಿಸಿದರು.

“ನಲವತ್ತಮೂರನೆಯದನ್ನ ವಾಪಸ್ ತಗೊಳ್ತಾ ಇದ್ದೀನಿ.”

ಹಜಾರದಲ್ಲಿ ಗದ್ದಲವೆದ್ದಿತು. “ಯಾಕೆ ಸಾರ್? ನಿಮ್ಮ ಅತಿ ದೊಡ್ಡ ತಪ್ಪೇ ಅದಲ್ವಾ?”

“ಅದು ತಪ್ಪಲ್ಲ,” ಎಂದರು ಅಪ್ಪ. “ಅಪ್ಪನಿಗೆ ಗುರುತು ಸಿಗದೇ ಇರಬಹುದು.”

ಇಷ್ಟು ಹೇಳಿ ಜನರನ್ನು ಸರಿಸಿಕೊಂಡು ಮೆಟ್ಟಿಲಿಳಿದು ಹೋದರು. ಆಕೆ ಹಿಂದೆಯೇ ಓಡಿದಳು. ಥಿಯೇಟರಿನ ಪಕ್ಕದ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವರು ಕೂತಿದ್ದರು. ಚೀಟಿ ಇನ್ನೂ ಎದೆಯ ಮೇಲೇ ಇತ್ತು. ಆಕೆ ಪಕ್ಕದಲ್ಲಿ ಕೂತಳು.

“ಎಂಟು ತಿಂಗಳು,” ಎಂದರು ಅಪ್ಪ. “ದಿನಾ ಮಾತಾಡಿದ್ದೀವಿ. ಒಂದು ದಿನಕ್ಕೂ ನನಗೆ ಗೊತ್ತಾಗಲಿಲ್ಲ.”

“ನನಗೂ ಗೊತ್ತಾಗ್ಲಿಲ್ವಲ್ಲ ಅಪ್ಪಾ. ಒಂದು ಕಾಗುಣಿತ ತಪ್ಪಿಲ್ಲದೆ ಫೋನಲ್ಲಿ ಬರೆಯೋರು ಇನ್ಯಾರಿರ್ತಾರೆ? ಅಷ್ಟೂ ಹೊಳೀಲಿಲ್ಲ.”

“ನೀನು ಮಗಳು. ಮೆಟ್ಟಿಲ ಸದ್ದು ಸಾಕು ಅಂತ ಜಂಬ ಕೊಚ್ಚಿದ್ದು ನಾನು.”

ಬೇರೆ ಮಾತು ತೆಗೆಯಲೆಂದು ಕೇಳಿದಳು: “ನೀವು ಈ ಸಿನಿಮಾ ಯಾವಾಗ ನೋಡಿದ್ರಿ?”

ಅಪ್ಪ ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಅದರ ಐವತ್ತನೆಯ ದಿನದ ಪೋಸ್ಟರ್ ಅಚ್ಚಿಗೆ ಬಂದದ್ದು ಅವರ ಮುದ್ರಣಾಲಯಕ್ಕೇ. ‘ಗಿತ್ತಿ’ಯೋ ‘ಗಿತ್ತೀ’ಯೋ ಎಂದು ಅನುಮಾನ ಬಂದು, ತೆರೆಯ ಮೇಲೆ ಹೇಗೆ ಬರೆದಿದ್ದಾರೆ ನೋಡಿಕೊಂಡು ಬರೋಣ ಎಂದು ಥಿಯೇಟರಿಗೆ ಹೋದರು. ಹೆಸರು ಮೂಡಿದ ಕೂಡಲೇ ಎದ್ದು ಬರಬೇಕೆಂದಿದ್ದವರು ಶುಭಂ ಎನ್ನುವ ತನಕ ಕೂತರು. ಮಾರನೆಯ ವಾರ ಮತ್ತೆ ಹೋದರು. ಸಿನಿಮಾ ನೋಡುವವರನ್ನು ಬೈದುಕೊಂಡು ಬಂದ ಬಾಯಿ. ಮನೆಯಲ್ಲಿ ಹೇಳುವುದು ಹೇಗೆ?

“ಒಟ್ಟು ಎಷ್ಟು ಸಲ?”

“ಹದಿನೇಳು.”

ಆಕೆ ಬೆಚ್ಚಿಬಿದ್ದಳು. “ನನಗಿಂತ ಆರು ಸಲ ಜಾಸ್ತಿ!”

“ತಪ್ಪು ಹುಡುಕೋದಕ್ಕೆ ಅಂತ ನೋಡಿದ್ದಲ್ಲ. ನೋಡ್ತಾ ನೋಡ್ತಾ ಸಿಕ್ಕಿದ್ದು,” ಎಂದರು ಅಪ್ಪ. ಮತ್ತೆ ಅವರೇ ಕೇಳಿದರು: “ಆವತ್ತು ಕೇಳಿದೆಯಲ್ಲ, ಮಗಳ ಕೆಲಸದ ಕಡೆ ಏನಾಯ್ತು ಅಂತ. ಏನಾಗಿತ್ತು?”

“ನಮ್ಮ ವಿಭಾಗಕ್ಕೆ ನನ್ನನ್ನ ಮುಖ್ಯಸ್ಥೆ ಮಾಡಿದ್ರು. ಹತ್ತು ಜನ ಈಗ ನನ್ನ ಕೈ ಕೆಳಗೆ.”

“ಮನೇಲಿ ಹೇಳಲಿಲ್ಲ?”

“ನೀವು ಕೇಳಲಿಲ್ಲ.”

ಅಪ್ಪ ಕನ್ನಡಕ ತೆಗೆದು ಒರೆಸಿದರು. ಗಾಜು ಚೊಕ್ಕಟವಾಗಿಯೇ ಇತ್ತು. “ಹತ್ತು ಜನ?” ಎಂದು ಇನ್ನೊಮ್ಮೆ ಕೇಳಿದರು. ಆಮೇಲೆ ಹಲ್ಲು ಮಾಡುವುದು ಹೇಗೆ ಎಂದು ಕೇಳಿದರು. ಮೇಣದಿಂದ ಹಿಡಿದು ಪಾಲಿಶ್ ತನಕ ಆಕೆ ಹೇಳಿದಳು. ಅವರು ನಡುನಡುವೆ ತಡೆದು, ಹಾಗಾದರೆ ಎತ್ತರ ಅಳೆಯುವುದು ಯಾವುದರಿಂದ, ಬಣ್ಣ ಕೂಡುವುದು ಹೇಗೆ ಎಂದು ಪ್ರಶ್ನೆ ಹಾಕಿದರು. ಒಳಗೆ ಮ್ಯಾಟಿನಿ ಶುರುವಾಗಿ ಮುಗಿಯಿತು. ಇಬ್ಬರೂ ನೋಡಲಿಲ್ಲ.

ಮನೆಗೆ ಜೊತೆಯಲ್ಲಿ ಬಂದ ಇಬ್ಬರನ್ನೂ ಕಂಡು ಅಮ್ಮನಿಗೆ ಅನುಮಾನ ಬಂತು. ಎಲ್ಲ ಕೇಳಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತರು. “ಏನ್ರೀ, ಒಂದೇ ಕಡೆ ಹೋಗೋರಿಗೆ ನಾನು ಬೆಳಗ್ಗೆ ಎದ್ದು ಎರಡೆರಡು ಡಬ್ಬಿ ಕಟ್ಟಿದ್ನಾ? ಇಲ್ಲಿ ನಾನೊಬ್ಳು ಗೋಡೆ ಜೊತೆ ಮಾತಾಡ್ಕೊಂಡಿದ್ರೆ, ನೀವಿಬ್ರೂ ಫೋನಲ್ಲಿ ಎಂಟು ತಿಂಗಳಿಂದ ಕಚ್ಚಾಡ್ತಿದ್ದೀರಾ? ಅಂಥಾದ್ದೇನಿದೆ ಅದರಲ್ಲಿ? ನಾನೂ ನೋಡ್ಬೇಕು.”

ಮುಂದಿನ ಭಾನುವಾರ ಮೂವರೂ ಹೋದರು. ಅಮ್ಮ ನಡುವೆ, ಅಪ್ಪ ಮಗಳು ಆಚೆ ಈಚೆ. ದೀಪ ಆರುತ್ತಿದ್ದಂತೆ ಇಬ್ಬರೂ ಅಮ್ಮನ ತಲೆಯ ಹಿಂದಿನಿಂದ ಪಿಸುಗುಟ್ಟತೊಡಗಿದರು. ಗಡಿಯಾರ ನೋಡು, ಈಗ ನೋಡು. ಬಸ್ಸು ಬಂತು, ನಾಯಿ ನೋಡಿ. ಅಮ್ಮ ಇಬ್ಬರಿಗೂ ಮೊಣಕೈಯಿಂದ ತಿವಿದು ಸುಮ್ಮನಾಗಿಸಿದರು.

ಗೋಪುರ ಕುಸಿಯಿತು. ಗಾಳಿಗಿತ್ತಿ ಅಪ್ಪನನ್ನು ನೆಲಕ್ಕಿಳಿಸಿದಳು. “ನೀನು ಯಾರಮ್ಮಾ ತಾಯಿ?” ಹಾಲಿನಲ್ಲಿ ಮೂಗೆಳೆಯುವ ಸದ್ದು. ಆಕೆ ಓರೆಗಣ್ಣಿನಲ್ಲಿ ನೋಡಿದಳು. ಅಪ್ಪ ತಲೆ ತಗ್ಗಿಸಿದ್ದರು.

ಆಗ ಅಮ್ಮ, ಪಿಸುಮಾತಿನ ಅಭ್ಯಾಸವಿಲ್ಲದ ದನಿಯಲ್ಲಿ, ಸುತ್ತಲಿನ ನಾಲ್ಕು ಸಾಲಿಗೂ ಕೇಳಿಸುವಂತೆ ಕೇಳಿದರು: “ಅಲ್ಲಾ, ಈ ಹುಡುಗಿಗೆ ಅಮ್ಮ ಇಲ್ವಾ?”

“ಸುಮ್ಮನಿರು ಅಮ್ಮಾ.”

“ಸುಮ್ಮನಿರೋದೇನು? ಸತ್ತಿದ್ರೆ ಗೋಡೆ ಮೇಲೆ ಒಂದು ಫೋಟೋ ಇರ್ಬೇಕಲ್ಲ. ಬದುಕಿದ್ರೆ ಊರು ಮುಳುಗ್ತಿರೋವಾಗ ಎಲ್ಲಿ ಹೋದ್ಳು? ಅಪ್ಪ ಮಗಳು ಇಬ್ರೂ ಒಂದು ಸಲನಾದ್ರೂ ಅವಳ ಹೆಸರೆತ್ತಿದ್ರಾ?”

ಹನ್ನೊಂದು ಸಲ, ಹದಿನೇಳು ಸಲ. ನಲವತ್ತಮೂರು ತಪ್ಪು, ಎಂಟು ತಿಂಗಳ ಜಗಳ. ಅಂಗಡಿಯ ದೃಶ್ಯ, ಮನೆಯ ದೃಶ್ಯ, ಕೊನೆಯ ಹಾಡು, ಎಲ್ಲವನ್ನೂ ಆಕೆ ಮನಸ್ಸಿನಲ್ಲಿ ಒಂದೊಂದಾಗಿ ತಿರುವಿಹಾಕಿದಳು. ಎಲ್ಲೂ ಇರಲಿಲ್ಲ. ಒಂದು ಮಾತಿಲ್ಲ, ಒಂದು ಸೀರೆಯೂ ಒಣಹಾಕಿಲ್ಲ. ಕತ್ತಲಲ್ಲಿ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನಡುವೆ ಕೂತ ಅಮ್ಮನನ್ನು. ಇಬ್ಬರ ಮುಖದಲ್ಲೂ ಒಂದೇ ಗಾಬರಿ.

“ರೀ, ಯಾಕೆ ಇಬ್ರೂ ನನ್ನನ್ನ ಹಾಗೆ ನೋಡ್ತಿದ್ದೀರಾ?” ಎಂದರು ಅಮ್ಮ. “ಅಲ್ನೋಡಿ, ಹಾರ್ತಿದ್ದಾಳೆ.”